ಕ್ಯಾಂಟೀನ್ ಮ್ಯಾನೇಜರಿಗೆ ನಾ ಇಟ್ಟ ಹೆಸರು

ನಾ ಕಲತದ್ದು ಮೂರನೇ ಇಯತ್ತೆ. ಖಾನಾಪುರದಾಗ ನಾವು ಆರು ಮಂದಿ ಹೆಣ್ಣಮಕ್ಕಳು ರೊಟ್ಟಿ ಬಡದು ಬೆಳಗಾವಿಗೆ ಕಳಸ್ತೀವಿ. ಗಿರಾಕಿಗಳ ವಹಿ ನನ್ನ ಕೈಯಾಗ. ಅದರಾಗ ನಾ ಹೆಸರ ಬರಿಯೂದಿಲ್ಲ. ಒಂದ ಹೆಸರಿನವರು ನಾಕ ಮಂದಿ ಇರ್ತಾರ, ಯಾರಂತ ತಿಳೀಬೇಕು? ಗುರುತು ಬರೀತೀನಿ. "ಹಲಸಿ ಗುಡಿ ಹಿಂದಿನ ದೊಡ್ಡ ದನಿಯಾಕಿ." "ಎರಡ ಸಲ ಹಲ್ಲ ಕಟ್ಟಿಸಿದ ಮಾಸ್ತರ."

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿ ಕ್ಯಾಂಟೀನಿಗೆ ದಿನಾ ಮುನ್ನೂರು ರೊಟ್ಟಿ ಹೋಗ್ತಾವ. ಅದು ನಿಂತರ ನಮ್ಮ ಆರು ಒಲಿಯೊಳಗ ನಾಕು ಆರತಾವ. ಅಲ್ಲಿಯ ಮ್ಯಾನೇಜರು, ಇನ್ನ ಫೋನ್ ಬ್ಯಾಡ, ಮೇಲ್ ಬರೀರಿ, ಅದನ್ನ ನೋಡಿ ಮುಂದಿನ ವರ್ಷದ ಆರ್ಡರ್ ಅಂದ್ರು.

ನನ್ನ ಸೊಸಿ ಕಾಲೇಜಿನ್ಯಾಗ ಕಂಪ್ಯೂಟರ್ ಕಲಸ್ತಾಳ. ಪತ್ರದಿಂದ ಹಿಡದು ಕಿರಾಣಿ ಚೀಟಿತನಕ ಎಲ್ಲಾ ಕಂಪ್ಯೂಟರಿನ ಒಂದ ಕರೀ ಪರದೆಯ ಎಡಿಟರ್ ಪ್ರೋಗ್ರಾಮಿನ್ಯಾಗ ಬರಿಯಾಕಿ. ನನ್ನ ವಹಿ ಪೂರಾ ಅದರಾಗ ಇಳಿಸಿ, ಮೇಲ್ ಇದ್ದವರ ವಿಳಾಸ ಸೇರಿಸಿ, ಮೇಲ್ ಕಳಿಸೂ ಪ್ರೋಗ್ರಾಮಿಗೆ ಅದನ್ನ ಜೋಡಿಸಿದಳು.

"ಅತ್ತ್ಯಾರ, ಎರಡಕ್ಷರ ಹೊಡದ್ರ ಸಾಕು, ಪೂರಾ ವಿಳಾಸ ತಾನ ಬರ್ತದ ನೋಡ್ರಿ."

"ಗುರುತ ಬದಲ ಮಾಡೀಯೇನ?"

"ಇಲ್ರೀ, ನೀವು ಬರದಂಗ ಐತಿ."

ಜ್ವಾಳ ಹೊಸಾದು ಬಂದೈತಿ, ಸೋಮವಾರದಿಂದ ಅದರ ರೊಟ್ಟಿ ಅಂತ ನಾ ಹೇಳಿದೆ, ಆಕಿ ಮ್ಯಾನೇಜರಿಗೆ ಬರದು ಕಳಸಿದಳು. ಸಂಜಿಗೆ ಉತ್ತರ ಬಂತು. ಓದೂದರಾಗ ಆಕಿ ಮಾರಿ ಸಣ್ಣದಾತು.

"ಪತ್ರ ತಲುಪಿತು. ಅದರಲ್ಲಿ ನನ್ನ ಹೆಸರಿನ ಜಾಗದಲ್ಲಿ 'ರೊಟ್ಟಿ ದಪ್ಪ ಅನ್ಕೋತ ಹನ್ನೆರಡು ತಿಂದಾಂವ' ಎಂದಿದೆ. ಇದು ಯಾರು?"

"ವಿಳಾಸದ ಜೋಡಿ ಗುರುತೂ ಹೋಗ್ತದ ಅನ್ನೂದು ನನ್ನ ಲಕ್ಷ್ಯಕ್ಕ ಬರ್ಲಿಲ್ರೀ," ಅಂದಳು ಸೊಸಿ. "ಮಾಫಿ ಬರೀಲೇನ್ರಿ?"

"ಯಾಕ, ಸುಳ್ಳ ಬರದೀನೇನು?"

ಬಾಜು ಒಲಿಯಾಕಿ ಹಣಿ ಬಡಕೊಂಡಳು. "ಯಕ್ಕಾ, ನಿನ್ನ ಬಾಯಿ ಖಾನಾಪುರದಾಗಷ್ಟ ಇತ್ತು, ಈಗ ಉದ್ಯಮಬಾಗಕ್ಕೂ ಮುಟ್ಟಿತು. ನಮ್ಮ ಒಲಿ ಆರಿದ್ರ ನಿನ್ನ ಮನಿಗೇ ಉಣ್ಣಾಕ ಬರ್ತೀವಿ."

ನಾ ಸೊಸಿಗೆ ಬರೀ ಅಂದೆ: "ಅದು ನೀವ ರೀ. ನಾ ಮಾದರಿ ರೊಟ್ಟಿ ತೋರಸಾಕ ಬಂದಾಗ ನಿಮ್ಮ ಎದುರಿಗೇ ಕುಂತ ಎಣಿಸೀನಿ. ಖರೇ ದಪ್ಪ ಇದ್ರ ಹೇಳ್ರಿ, ತೆಳ್ಳಗ ಬಡೀತೀವಿ."

ಸೊಸಿ ಕಳಸೂದಿಲ್ಲ ಅಂತ ಕೈ ಕಟ್ಟಿ ಕುಂತಳು. ಯಾವ ಗುಂಡಿ ಅಂತ ಕೇಳಿ ನಾನ ಒತ್ತಿದೆ.

ಮೂರು ದಿನ ಸುದ್ದಿ ಇಲ್ಲ. ನಾಲ್ಕನೇ ದಿನ ಉತ್ತರ ಬಂತು.

"ರೊಟ್ಟಿ ದಪ್ಪ ಇಲ್ಲ. ಮುಂದಿನ ವರ್ಷವೂ ಆರ್ಡರ್ ನಿಮಗೇ. ಆದರೆ ನಾನು ತಿಂದದ್ದು ಹತ್ತು. ದಯವಿಟ್ಟು ತಿದ್ದಿರಿ."

"ಈಗ ಅವರ ಖರೇ ಹೆಸರ ಹಾಕ್ಲೇನ್ರಿ, ಅತ್ತ್ಯಾರ?"

"ಅವರು ಹೇಳಿದಷ್ಟ ತಿದ್ದು," ಅಂದೆ. "ಹನ್ನೆರಡ ತಗದು ಹತ್ತ ಹಾಕು."