ನೀರಗಂಟಿ ಮುನಿಯಣ್ಣನ ಅಳತೆ ಕಡ್ಡಿಗಳು

ಮಾರತ್ತಹಳ್ಳಿಯಿಂದ ಪೂರ್ವಕ್ಕೆ ಒಂದೂವರೆ ಮೈಲಿ ದೂರದ ಕೆರೆಗೆ ಮುನಿಯಣ್ಣನ ಮನೆತನ ನಾಲ್ಕು ತಲೆಮಾರಿನಿಂದ ನೀರಗಂಟಿ. ತೂಬು ಎತ್ತುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಸರದಿ ತಪ್ಪಿಸಿ ಯಾರಾದರೂ ಕಾಲುವೆ ಒಡೆದುಕೊಂಡರೆ ಕೆಸರಿನ ಮೇಲಿನ ಹೆಜ್ಜೆ ನೋಡಿ ಇಂಥವನೆಂದು ಹೇಳುವುದು, ಇವು ಅವನ ಕೆಲಸ. ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1961ರದು. ಜಾರಿಗೆ ಬಂದದ್ದು 1963ರಲ್ಲಿ. ಅಂದಿನಿಂದ ಸರ್ಕಾರದ ಲೆಕ್ಕದಲ್ಲಿ ಆ ಊರಿಗೆ ನೀರಗಂಟಿಯೇ ಇರಲಿಲ್ಲ. ಕೆರೆ ಇತ್ತು, ತೂಬು ಇತ್ತು, ಗದ್ದೆಗಳಿದ್ದವು. ತೂಬು ಎತ್ತಲು ಯಾವ ಗುಮಾಸ್ತನೂ ಬರಲಿಲ್ಲ. ರದ್ದಾದ ಹುದ್ದೆಯನ್ನು ಮುನಿಯಣ್ಣ ಇನ್ನೂ ಇಪ್ಪತ್ತು ವರ್ಷ ನಡೆಸಿದ. ಹಾಗೆ ನಡೆಸಿದನೆಂಬುದಕ್ಕೆ ಯಾವ ಕಚೇರಿಯಲ್ಲೂ ಒಂದು ಸಾಲಿನ ದಾಖಲೆ ಇಲ್ಲ.

ಕೆಸರಿನಲ್ಲಿ ಮನುಷ್ಯರ ಹೆಜ್ಜೆ ಓದಿ ಪಳಗಿದ ಕಣ್ಣಿಗೆ ಮೃಗಗಳ ಹೆಜ್ಜೆ ಕಷ್ಟವಾಗಲಿಲ್ಲ. ವಿಮಾನ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಫೋರ್‌ಮನ್ ಆಗಿದ್ದ ಹನುಮಂತರಾಯಪ್ಪನವರು ಅದೇ ಊರಿನವರು, ಮುನಿಯಣ್ಣನಿಗಿಂತ ಆರು ವರ್ಷ ಹಿರಿಯರು, ಅವನ ಬಾಯಲ್ಲಿ ಅಣ್ಣಯ್ಯ. ಅವರಿಗಿದ್ದ ಹುಚ್ಚು ಎರಡೇ: ಜೋಡುನಳಿಗೆ ಕೋವಿ ಮತ್ತು ಮೀನಿನ ಗಾಳ. ರಜೆ ಸಿಕ್ಕಿದಾಗಲೆಲ್ಲ ಇಬ್ಬರೂ ಕಾಡಿನ ಅಂಚಿಗೆ ಹೊರಡುವರು. ಮುನಿಯಣ್ಣ ಮುಂದೆ, ಕೋವಿ ಹಿಂದೆ. 1943ರಲ್ಲಿ ಶುರುವಾದ ಈ ಕ್ರಮ ಮೂವತ್ತು ವರ್ಷ ಬದಲಾಗಲಿಲ್ಲ.

ಮುನಿಯಣ್ಣನ ಸೊಂಟದ ಚೀಲದಲ್ಲಿ ಸದಾ ಒಂದು ಕಟ್ಟು ಬಿದಿರಿನ ಸೀಳು ಇರುತ್ತಿತ್ತು. ಹೆಜ್ಜೆ ಕಂಡ ಕಡೆ ಕುಕ್ಕರಗಾಲಲ್ಲಿ ಕೂತು, ಸೀಳನ್ನು ಹೆಜ್ಜೆಯ ಉದ್ದಕ್ಕೆ ಸರಿಯಾಗಿ ಕತ್ತರಿಸಿ, ಅಗಲಕ್ಕೆ ಒಂದು ಗೀರು ಹಾಕುವನು. ಆನೆಗೆ ಮಾತ್ರ ಕಡ್ಡಿ ಸಾಲದು. ಮುಂಗಾಲಿನ ಹೆಜ್ಜೆಯ ಸುತ್ತಳತೆಗೆ ಕತ್ತಾಳೆ ಹುರಿ ಹಿಡಿದು ಗಂಟು ಹಾಕುವನು. ಆ ಹುರಿಯ ಎರಡರಷ್ಟು ಆನೆಯ ಭುಜದ ಎತ್ತರ. ಊರಿಗೆ ಮರಳಿದ ಮೇಲೆ ಹನುಮಂತರಾಯಪ್ಪನವರು ಜಗುಲಿಯ ಮೇಲೆ ಕೂತು ಪ್ರತಿ ಕಡ್ಡಿಯನ್ನೂ ಉಕ್ಕಿನ ಅಳತೆಪಟ್ಟಿಗೆ ಹಿಡಿದು, ತಾರೀಖು, ಸ್ಥಳ, ಪ್ರಾಣಿ, ಇಂಚು, ಎಲ್ಲವನ್ನೂ ನೋಟುಬುಕ್ಕಿಗೆ ಏರಿಸುವರು. ಮುನಿಯಣ್ಣ ತಂದ ಕಡ್ಡಿ ಒಮ್ಮೆಯೂ ಸುಳ್ಳಾಗಲಿಲ್ಲ. ತಮ್ಮ ಶಾಪಿನಲ್ಲಿ ಇಂಥ ಒಬ್ಬ ಫಿಟ್ಟರ್ ಇದ್ದಿದ್ದರೆ ತಾವು ಇನ್ಸ್‌ಪೆಕ್ಷನ್ ವಿಭಾಗವನ್ನೇ ಮುಚ್ಚಿಸಿಬಿಡುತ್ತಿದ್ದೆವೆಂದು ಅವರು ಹೇಳುತ್ತಿದ್ದರು. ಅದನ್ನು ಕೇಳಿ ಮುನಿಯಣ್ಣ ತಲೆ ತಗ್ಗಿಸಿ ಬೀಡಿ ಹಚ್ಚುತ್ತಿದ್ದ. ಅವನಿಗೆ ಯಾರಿಂದಲೂ ಬೇರೊಂದು ಸರ್ಟಿಫಿಕೇಟು ಬರಲಿಲ್ಲ.

ಅವನು ಸುಳ್ಳು ಹೇಳಿದ್ದು 1974ರ ನವೆಂಬರ್ 17ರಂದು. ಭಾನುವಾರ.

ಬನ್ನೇರುಘಟ್ಟದ ಆಚೆ ರಾಗಿಹಳ್ಳಿಯ ಕಡೆ ಫೋರ್‌ಮನ್ನರ ನೆಂಟರೊಬ್ಬರ ರಾಗಿ ಹೊಲಕ್ಕೆ ಹಂದಿ ನುಗ್ಗುತ್ತಿತ್ತು. ಬೆಳಗಿನ ಮಂಜಿನಲ್ಲಿ ಇಬ್ಬರೂ ಬದುವಿನ ಮೇಲೆ ಕಾದು ಕೂತಿದ್ದರು. ನಲವತ್ತು ಹೆಜ್ಜೆ ದೂರದ ಲಂಟಾನ ಪೊದೆ ಅಲುಗಿತು. ಮುನಿಯಣ್ಣ ತಡೆಯಲು ಕೈ ಎತ್ತುವ ಮೊದಲೇ ಕೋವಿ ಸಿಡಿಯಿತು. ಅದು ಗುಂಡು ಹಾರಬೇಕಾದ ಕ್ರಮವಲ್ಲ. ಮುನಿಯಣ್ಣ ಹೆಗಲು ಮುಟ್ಟಿದ ಮೇಲೆಯೇ ಹಾರಬೇಕು. ಅಣ್ಣಯ್ಯನವರನ್ನು ಅಲ್ಲೇ ನಿಲ್ಲಿಸಿ ಅವನೊಬ್ಬನೇ ಪೊದೆಯ ಹಿಂದಕ್ಕೆ ಹೋದ.

ಅಲ್ಲಿ ಬಿದ್ದಿದ್ದದ್ದು ಒಂದು ಸೌದೆ ಹೊರೆ. ಎರಡು ಸೌದೆಗಳಲ್ಲಿ ಸೀಸದ ಗುಂಡು ನಾಟಿತ್ತು. ಇಬ್ಬನಿಗೆ ನೆನೆದ ಮಣ್ಣಿನಲ್ಲಿ ಓಡಿಹೋದ ಬರಿಗಾಲಿನ ಹೆಜ್ಜೆಗಳಿದ್ದವು. ಅವನ ಕೈ ಅವನನ್ನು ಕೇಳಲಿಲ್ಲ. ಮೂವತ್ತು ವರ್ಷದ ಅಭ್ಯಾಸದಂತೆ ಚೀಲದಿಂದ ಸೀಳು ತೆಗೆದು ಹೆಜ್ಜೆಯ ಉದ್ದಕ್ಕೆ ಕತ್ತರಿಸಿ ಗೀರು ಹಾಕಿತು. ಹಾಕಿದ ಮೇಲೆಯೇ ಅವನಿಗೆ ತಾನೇನು ಅಳೆಯುತ್ತಿದ್ದೇನೆಂದು ತಿಳಿದದ್ದು.

ಹೆಜ್ಜೆ ಹಿಡಿದು ಹೋದರೆ ಒಂದು ಫರ್ಲಾಂಗ್ ಆಚೆ ನಾಲ್ಕು ಗುಡಿಸಲು. ಹೊಸಲಿನ ಮೇಲೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ತೋಳಿಗೆ ಅರಿಶಿನ ಒತ್ತಿಕೊಂಡು ಕೂತಿದ್ದಳು. ಗುಂಡೊಂದು ತೋಳಿನ ಚರ್ಮ ಸವರಿಕೊಂಡು ಹೋಗಿತ್ತು. ಅವಳನ್ನು ಪಕ್ಕದ ಮನೆಯವರು ಕೃಷ್ಣಮ್ಮ ಎಂದು ಕರೆಯುತ್ತಿದ್ದರು. ಕೋವಿ ಹೊಡೆದವರು ಯಾರೆಂದು ಅವಳು ಕೇಳಿದಳು. ನಾನು ನೋಡಲಿಲ್ಲ ಕಣವ್ವ ಎಂದು ಮುನಿಯಣ್ಣ ಹೇಳಿ, ನಿಂತ ಕಾಲಲ್ಲೇ ಹಿಂತಿರುಗಿದ.

ಬದುವಿನ ಮೇಲೆ ಅಣ್ಣಯ್ಯನವರು ಮಗುವಿನಂತೆ ಮುಖ ಮಾಡಿಕೊಂಡು ಕಾಯುತ್ತಿದ್ದರು. ಆ ಮುಖ ನೋಡಿ ಮುನಿಯಣ್ಣನ ಬಾಯಿಗೆ ಬಂದದ್ದು ಇಷ್ಟು:

"ಅಂದಿ ಕಣಣ್ಣಯ್ಯ. ಏಟು ಬಿದ್ದೈತೆ. ತಪ್ಪಿಸ್ಕಂಡೋಯ್ತು."

ಬರೀ ಹಂದಿ ಎಂದಿದ್ದರೆ ಸಾಕಿತ್ತು. ಏಟು ಬಿದ್ದಿದೆ ಎಂದು ಸೇರಿಸಿದ್ದೇ ಮುಂದಿನ ಎಲ್ಲಕ್ಕೂ ಕಾರಣವಾಯಿತು. ಐವತ್ತೈದನೆಯ ವಯಸ್ಸಿನಲ್ಲಿ ಮಂಜಿನೊಳಗೆ ನಲವತ್ತು ಹೆಜ್ಜೆಗೆ ಗುರಿ ತಪ್ಪದ ಕಣ್ಣು ತಮ್ಮದೆಂದು ಹನುಮಂತರಾಯಪ್ಪನವರು ನೋಟುಬುಕ್ಕಿನಲ್ಲಿ ಬರೆದರು. ಬಂದವರಿಗೆಲ್ಲ ಓದಿ ಹೇಳಿದರು. ಆ ಕಡ್ಡಿಯನ್ನು ಮುನಿಯಣ್ಣ ತನ್ನ ಮನೆಯ ಒಲೆಯ ಮೇಲಿನ ಸೂರಿಗೆ ಸಿಕ್ಕಿಸಿಟ್ಟ. ಎಸೆಯಲು ಅವನಿಗೆ ಮನಸ್ಸು ಬರಲಿಲ್ಲ. ಅಳತೆಯನ್ನು ಎಸೆದು ಅವನಿಗೆ ಅಭ್ಯಾಸವಿರಲಿಲ್ಲ.

1977ರ ಮಾರ್ಚ್ 31ಕ್ಕೆ ಫೋರ್‌ಮನ್ನರ ನಿವೃತ್ತಿ. ಅದಕ್ಕೆ ಆರು ತಿಂಗಳು ಮುಂಚೆಯೇ ಅವರು ಊರು ಬಿಡುವ ತೀರ್ಮಾನ ಮಾಡಿದ್ದರು. ಕೆರೆಯಲ್ಲಿ ಬಾತುಕೋಳಿ ಇಳಿಯುವುದು ಕಡಿಮೆಯಾಗಿತ್ತು. ಮೇಲುಗಡೆ ಎದ್ದ ಕಾರ್ಖಾನೆ ಶೆಡ್ಡುಗಳಿಂದ ಬಂದ ನೀರಿಗೆ ನೊರೆ ಕಟ್ಟುತ್ತಿತ್ತು, ಮೀನು ಸುಟ್ಟರೆ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಕೆರೆಯಂಚಿನ ಎರಡೆಕರೆಯನ್ನೂ ಮನೆಯನ್ನೂ ಕೊಟ್ಟು, ದೊಡ್ಡ ಬೇಟೆಯೂ ಒಳ್ಳೆಯ ಮೀನೂ ಇರುವ ಕಡೆ ನೆಲೆಸಬೇಕೆಂಬುದು ಅವರ ಆಸೆ. ಜಾಗ ಕೇಳಿ ಶೆಡ್ಡು ಕಟ್ಟುವವನೊಬ್ಬ ಆಗಲೇ ಎರಡು ಸಲ ಬಂದು ಹೋಗಿದ್ದ.

1972ರ ವನ್ಯಜೀವಿ ಕಾಯಿದೆಯೊಂದಿಗೆ ಬೇಟೆಯೆಲ್ಲ ನಿಂತೇಹೋಯಿತೆಂದು ಈಗಿನವರು ಧೈರ್ಯವಾಗಿ ಬರೆಯುತ್ತಾರೆ. ಕಾಯಿದೆಯನ್ನು ಓದದೆ ಬರೆಯುವುದರ ಫಲ ಅದು. ಹುಲಿಗೆ ರಕ್ಷಣೆ ಬಂದದ್ದು ನಿಜ. ಆದರೆ ಕಡವೆ, ಹಂದಿ, ಜಿಂಕೆಗಳಿಗೆ ದೊಡ್ಡ ಬೇಟೆಯ ಪರವಾನಗಿ ಎಂಬುದು 1991ರ ತಿದ್ದುಪಡಿಯವರೆಗೂ ಕಾಯಿದೆಯ ಪುಸ್ತಕದಲ್ಲಿ ಇತ್ತು. ಪುಸ್ತಕದಲ್ಲಿ ಇದ್ದದ್ದು ಕೈಗೆ ಸಿಗುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. ಹನುಮಂತರಾಯಪ್ಪನವರು ಪುಸ್ತಕವನ್ನು ನಂಬುವವರು. ಅರ್ಜಿ ಬರೆದು ಇಟ್ಟುಕೊಂಡಿದ್ದರು.

ಮೂರು ಜಾಗಗಳನ್ನು ಆರಿಸಿ, ಒಂದೊಂದನ್ನೂ ನೋಡಿ ಕಡ್ಡಿ ತರುವಂತೆ ಮುನಿಯಣ್ಣನನ್ನು ಕಳಿಸಿದರು. ಅವನು ಒಪ್ಪಿದರೆ ಜಾಗ ಒಪ್ಪಿದಂತೆ. ಅವರ ಹೆಂಡತಿ ನಾಗಲಕ್ಷ್ಮಮ್ಮನವರ ಷರತ್ತು ಒಂದೇ, ಬಸ್ಸು ಬರುವ ಊರಾಗಿರಬೇಕು.

"ನಿಮ್ಮಣ್ಣಯ್ಯಂಗೆ ಕಡವೆ ಹೆಜ್ಜೆ ತಾ, ನಂಗೆ ಬಸ್ಸಿನ ಚಕ್ರದ ಹೆಜ್ಜೆ ಅಳ್ಕೊಂಡು ಬಾ ಮುನಿಯಣ್ಣ," ಎಂದು ಅವರು ಹೊಸಲಿನಿಂದಲೇ ಹೇಳಿದರು. "ಅದೂ ಎರಡೂ ಕಡೇದು. ಬರೋದು ಮಾತ್ರ ಅಲ್ಲ, ಹೋಗೋದೂ."

ಮೊದಲನೆಯದು ತಳಿ ಎಂಬ ಊರಿನ ಆಚೆ, ರಾಜ್ಯದ ಗಡಿ ದಾಟಿದ ಕಾಡಿನ ಅಂಚು. ಹಂದಿ ಹೇರಳ, ಆದರೆ ನೀರು ಶಿವರಾತ್ರಿಗೆ ಮುಂಚೆಯೇ ಇಂಗುವುದು. ಮುನಿಯಣ್ಣ ಬೇಡವೆಂದ. ಎರಡನೆಯದು ಯಳಂದೂರಿನ ಕಡೆ ಬಿಳಿಗಿರಿರಂಗನ ಬೆಟ್ಟದ ತಪ್ಪಲು. ಕಡವೆ, ಆನೆ, ಎಲ್ಲವೂ ಇದ್ದವು. ಆದರೆ ಅದನ್ನು 1974ರಲ್ಲೇ ಅಭಯಾರಣ್ಯ ಮಾಡಿದ್ದಾರೆಂದು ಅಲ್ಲಿಗೆ ಹೋದಮೇಲೆ ತಿಳಿಯಿತು. ಹನುಮಂತರಾಯಪ್ಪನವರು ಪಟ್ಟಿಯಲ್ಲಿ ಅದರ ಮೇಲೆ ಗೆರೆ ಎಳೆದರು. ಉಳಿದದ್ದು ಕನಕಪುರದಾಚೆ, ಅರ್ಕಾವತಿ ಕಾವೇರಿಗೆ ಸೇರುವ ಸಂಗಮದ ಕೆಳಗಿನ ದಂಡೆ.

ಅಲ್ಲಿ ಜಾಗ ಹಿಡಿದರೆ ತಮ್ಮ ಮನೆಯ ಪಕ್ಕದಲ್ಲೇ ಮುನಿಯಣ್ಣನಿಗೂ ಎರಡು ಅಂಕಣದ ಮನೆ ಎಂದು ಅಣ್ಣಯ್ಯನವರು ಮಾತು ಕೊಟ್ಟಿದ್ದರು. ಸಾಯುತ್ತಿರುವ ಕೆರೆಯ ನೀರಗಂಟಿಗೆ, ಬೇಸಿಗೆಯಲ್ಲೂ ಹರಿಯುವ ಹೊಳೆ. ಅವನ ಹೆಂಡತಿ ಪಿಳ್ಳಮ್ಮ ಗಡಿಗೆ ಕಟ್ಟಿಕೊಂಡು ಇವತ್ತೇ ಹೊರಡಲು ತಯಾರೆಂದಳು. ಊರು ಬಿಡಬೇಕೆಂಬ ಆಸೆ ಫೋರ್‌ಮನ್ನರಿಗಿಂತ ಅವನಿಗೇ ಒಂದು ಪಾಲು ಹೆಚ್ಚಾಗಿತ್ತು. ಇದನ್ನು ಒತ್ತಿ ಹೇಳಬೇಕಾಗಿದೆ. ಅವನು ತನ್ನ ತೂಬಿನ ಪಾರುಪತ್ಯ ಬಿಡಲಾರದೆ ಅಣ್ಣಯ್ಯನವರ ಆಸೆ ಕೆಡಿಸಿದನೆಂದು ಆಮೇಲೆ ಊರಿನಲ್ಲಿ ಆಡಿಕೊಂಡವರಿದ್ದಾರೆ. ಅದು ಅಪ್ಪಟ ಸುಳ್ಳು.

ಮಾರ್ಚ್ ಎರಡನೆಯ ವಾರ ಅವನು ಕನಕಪುರಕ್ಕೆ ಬಸ್ಸು ಹಿಡಿದು, ದೊಡ್ಡಆಲಹಳ್ಳಿಯಲ್ಲಿ ಇಳಿದು, ಅಲ್ಲಿಂದ ನಡೆದ. ಹೊಳೆಯ ದಂಡೆಯ ಮರಳಿನಲ್ಲಿ ಒಂದು ಬೆಳಗ್ಗೆ ಅವನು ಕಂಡಷ್ಟು ಹೆಜ್ಜೆಗಳನ್ನು ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಕಡೆ ಕಂಡಿರಲಿಲ್ಲ. ಕಡವೆ, ಜಿಂಕೆಯ ಹಿಂಡು, ಮರಿಗಳೊಂದಿಗೆ ಹಂದಿ, ಒಂಟಿ ಆನೆ. ಮಡುವಿನಲ್ಲಿ ಬಿಳಿಮೀನು ಬೆನ್ನು ತೋರಿಸಿ ಮುಳುಗುತ್ತಿತ್ತು, ಆಳುದ್ದದ್ದು. ಸೀಳು ಕತ್ತರಿಸುತ್ತ, ಹುರಿಗೆ ಗಂಟು ಹಾಕುತ್ತ ಅವನು ಗುನುಗುತ್ತಿದ್ದ. ಪಿಳ್ಳಮ್ಮನ ಒಲೆ ಎಲ್ಲಿ ಹೂಡಬೇಕೆಂಬುದನ್ನೂ ನೋಡಿಟ್ಟ.

ಆಮೇಲೆ ಜಿಂಕೆಗಳ ಹೆಜ್ಜೆಯ ಮೇಲೆಯೇ ಬಿದ್ದ ಬರಿಗಾಲಿನ ಹೆಜ್ಜೆಗಳು ಕಂಡವು. ಆರು ಜನ, ಒಬ್ಬರ ಹಿಂದೊಬ್ಬರು. ಹಿಮ್ಮಡಿ ಆಳವಾಗಿ ಊರಿತ್ತು: ತಲೆಯ ಮೇಲೆ ಹೊರೆ ಇದ್ದವರ ಹೆಜ್ಜೆ. ಅಂಚು ಇನ್ನೂ ಕುಸಿದಿರಲಿಲ್ಲ. ಅಂದರೆ ಅದೇ ಬೆಳಗ್ಗೆ, ಮೃಗಗಳು ನೀರಿಗಿಳಿಯುವ ಅದೇ ಹೊತ್ತಿನಲ್ಲಿ, ಅದೇ ದಾರಿಯಲ್ಲಿ ನಡೆದವರು. ದಂಡೆಯುದ್ದಕ್ಕೂ ಮಂಜು. ಗುನುಗು ಯಾವಾಗ ನಿಂತಿತೋ ಅವನಿಗೇ ಗೊತ್ತಾಗಲಿಲ್ಲ.

ಬರಿಗೈಯಲ್ಲಿ ಹೋಗಿ, ಅಲ್ಲೇನೂ ಇಲ್ಲವೆಂದು ಹೇಳಬಹುದಿತ್ತು. ಬಸ್ಸಿನಲ್ಲಿ ಕೂತು ಅದನ್ನೂ ಯೋಚಿಸಿದ. ಒಂದು ಸುಳ್ಳನ್ನು ಕಾಯಲು ಎರಡು ವರ್ಷ ಸೂರಿನ ಕೆಳಗೆ ತಲೆ ತಗ್ಗಿಸಿ ಓಡಾಡಿದ್ದು ಸಾಕೆನಿಸಿತು. ಊರಿಗೆ ಬಂದವನು ಮೊದಲು ತನ್ನ ಮನೆಗೆ ಹೋಗಿ, ಒಲೆಯ ಮೇಲಿನ ಸೂರಿಗೆ ಕೈ ಹಾಕಿದ.

ಜಗುಲಿಯ ಮೇಲೆ ಹನುಮಂತರಾಯಪ್ಪನವರು ಅಳತೆಪಟ್ಟಿ ಹಿಡಿದು ಸಿದ್ಧವಾಗಿದ್ದರು. ಹುರಿ ನೋಡಿ ಒಂಬತ್ತು ಅಡಿ ಎರಡು ಇಂಚಿನ ಆನೆ ಎಂದರು. ಕಡವೆಯ ಕಡ್ಡಿ ಹಿಡಿದು ಹೆಂಡತಿಯನ್ನು ಕೂಗಿ ತೋರಿಸಿದರು. ಶೆಡ್ಡಿನವನಿಗೆ ಶುಕ್ರವಾರವೇ ರಿಜಿಸ್ಟ್ರಿ ಎಂದು ಹೇಳಿಕಳಿಸುವುದಾಗಿ ಹೇಳುತ್ತಲೇ ಕೊನೆಯ ಕಡ್ಡಿಯನ್ನು ಕೈಗೆ ತೆಗೆದುಕೊಂಡರು. ಅದು ಹೊಗೆ ಹಿಡಿದು ಕಪ್ಪಾಗಿತ್ತು. ಅವರು ಅದನ್ನು ಕಣ್ಣಿನ ಹತ್ತಿರಕ್ಕೆ, ತೀರ ಹತ್ತಿರಕ್ಕೆ ತಂದು ಅಳೆದರು.

"ಎಂಟೂವರೆ ಇಂಚು. ಉದ್ದ ನೋಡಿದ್ರೆ ಕರಡಿ ಹಿಂಗಾಲು ಇದ್ದಂಗಿದೆಯಲ್ಲೋ. ಕರಡೀನೂ ಇದೆಯೇನಯ್ಯ ಅಲ್ಲಿ?"

"ಕರಡಿ ಅಲ್ಲ ಅಣ್ಣಯ್ಯ. ಎಂಗ್ಸು."

ಹನುಮಂತರಾಯಪ್ಪನವರು ನಕ್ಕರು. ಮುನಿಯಣ್ಣ ನಗಲಿಲ್ಲ.

"ಇದು ಒಳೆ ತಾವದ್ದಲ್ಲ. ರಾಗಳ್ಳಿದು. ಆವತ್ತು ಮಂಜಲ್ಲಿ ನೀವು ಒಡೆದ್ರಲ್ಲ, ಅದು ಅಂದಿ ಅಲ್ಲ. ಸೌದೆ ಒತ್ಕಂಡ್ ಬರ್ತಿದ್ದೋಳು. ತೋಳಿಗೆ ಸವರ್ಕಂಡ್ ಓಗಿತ್ತು. ನಾನು ಅಂದಿ ಅಂದೆ."

ಹನುಮಂತರಾಯಪ್ಪನವರು ಕಡ್ಡಿಯನ್ನು ಅಳತೆಪಟ್ಟಿಯ ಪಕ್ಕಕ್ಕೆ ಇಟ್ಟರು. ಅವಳು ಬದುಕಿದ್ದಾಳೆಯೇ ಎಂದು ಕೇಳಿದರು. ಬದುಕಿದ್ದಾಳೆಂದು ಮುನಿಯಣ್ಣ ಹೇಳಿದ. ಹೊಳೆಯ ದಂಡೆಯಲ್ಲೂ ಅದೇ ಹೊತ್ತಿಗೆ ಅಂಥವರೇ ಆರು ಜನ ನಡೆಯುತ್ತಾರೆ, ಜಾಗ ನೀವು ಹೇಳಿದಂತೆಯೇ ಇದೆ, ಏನೂ ಕಡಿಮೆಯಿಲ್ಲ ಎಂದೂ ಹೇಳಿದ.

"ಮೂವತ್ತನಾಲ್ಕು ವರ್ಷ," ಎಂದರು ಹನುಮಂತರಾಯಪ್ಪನವರು, "ನನ್ನ ಕಣ್ಣು ನಂಬಲಿಲ್ಲ ಕಣಯ್ಯ. ನಿನ್ನ ಕಣ್ಣು ನಂಬ್ಕೊಂಡು ಹೊಡೆದೆ. ಜಗುಲಿ ಇಳಿ."

ಮುನಿಯಣ್ಣ ಇಳಿದ.

ಹನ್ನೊಂದು ದಿನ ಇಬ್ಬರಿಗೂ ಮಾತಿರಲಿಲ್ಲ. ಶುಕ್ರವಾರ ರಿಜಿಸ್ಟ್ರಿ ನಡೆಯಲಿಲ್ಲ. ಹನುಮಂತರಾಯಪ್ಪನವರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿದರು. ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿನದು ಮೂರು ನಾಲ್ಕು ವರ್ಷ ಹಳೆಯದು. ಮರುದಿನ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತಂದರು. ಹನ್ನೆರಡನೆಯ ದಿನ ಬೆಳಗ್ಗೆ ತೂಬಿನ ಬಳಿ ಬಂದು, ಕೆಸರಿನಲ್ಲಿದ್ದ ಮುನಿಯಣ್ಣನಿಗೆ ಕಾಲು ತೊಳೆದು ಬಾ, ರಾಗಿಹಳ್ಳಿ ಬಸ್ಸು ಹಿಡಿಯಬೇಕು ಎಂದರು.

ಕೃಷ್ಣಮ್ಮ ಅದೇ ಹೊಸಲಿನ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದಳು. ಹೊಡೆದವನು ತಾನೆಂದು ಹನುಮಂತರಾಯಪ್ಪನವರು ನಿಂತುಕೊಂಡೇ ಹೇಳಿದರು. ಸುಳ್ಳು ಹೇಳಿದವನು ತಾನೆಂದು ಮುನಿಯಣ್ಣ ಹೇಳಿದ. ಅವಳು ಇಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿ, ಸೆರಗು ಸರಿಸಿ ತೋಳಿನ ಕಲೆ ತೋರಿಸಿದಳು.

"ಇದು ವಾಸಿಯಾಯ್ತು," ಎಂದಳು. "ಆ ದಾರೀಲಿ ಒಬ್ಳೇ ಓಗೋಕೆ ಮಾತ್ರ ಇನ್ನೂ ಆಗ್ತಿಲ್ಲ."

ಕೂರಿ ಎನ್ನಲಿಲ್ಲ, ಬೈಯಲೂ ಇಲ್ಲ. ಮತ್ತೆ ಹುಣಸೆಹಣ್ಣು ಕುಟ್ಟತೊಡಗಿದಳು. ಕ್ಷಮಿಸಿದಳೆಂದು ಊರಿನಲ್ಲಿ ಆಮೇಲೆ ಕಥೆ ಕಟ್ಟಿದರು. ಅವಳು ಆಡಿದ ಮಾತು ಅಷ್ಟೇ. ಅಂದು ಸಂಜೆ ನೋಟುಬುಕ್ಕಿನಲ್ಲಿ 1974ರ ನವೆಂಬರ್ 17ರ ಸಾಲಿನಲ್ಲಿ ಹಂದಿ ಎಂಬ ಪದಕ್ಕೆ ಅಡ್ಡಗೆರೆ ಬಿದ್ದು, ಅದರ ಮೇಲೆ ಕೃಷ್ಣಮ್ಮ ಎಂದೂ ಎಂಟೂವರೆ ಇಂಚು ಎಂದೂ ದಾಖಲಾಯಿತು.

ಇಬ್ಬರೂ ಊರು ಬಿಡಲಿಲ್ಲ. ಸಂಗಮದ ಆ ದಂಡೆ 1987ರಲ್ಲಿ ಅಭಯಾರಣ್ಯಕ್ಕೆ ಸೇರಿತು. ಇಲ್ಲಿನ ಕೆರೆಯ ಮೀನೆಲ್ಲ ಒಂದೇ ವಾರದಲ್ಲಿ ತೇಲಿದ್ದು 1983ರ ಬೇಸಿಗೆಯಲ್ಲಿ. ಅಲ್ಲಿಯವರೆಗಿನ ಆರು ವರ್ಷ, ಸಂಜೆ ನಾಲ್ಕೂವರೆಗೆ, ಇಬ್ಬರೂ ಏರಿಯ ಮೇಲೆ ಗಾಳ ಹಾಕಿ ಕೂರುತ್ತಿದ್ದರು. ಪೊರೆ ತೆಗೆಸಿದರೂ ಹನುಮಂತರಾಯಪ್ಪನವರ ಬಲಗಣ್ಣು ಪೂರ್ತಿ ಬರಲಿಲ್ಲ. ನೀರಿನ ಮೇಲಿನ ಬೆಂಡು ಅವರಿಗೆ ಕಾಣುತ್ತಿರಲಿಲ್ಲ. ದಾರ ಅಲುಗಿದಂತಾದಾಗಲೆಲ್ಲ ಕೇಳುವರು:

"ಕಚ್ತೇನೋ?"

ಹೌದೆಂದರೆ ಮುದುಕರ ಮುಖ ಅರಳುತ್ತದೆಂದು ಮುನಿಯಣ್ಣನಿಗೆ ಗೊತ್ತಿತ್ತು. ಅವನು ಬೆಂಡನ್ನು ನೋಡುವನು, ಇನ್ನೊಮ್ಮೆ ನೋಡುವನು.

"ಇಲ್ಲ ಅಣ್ಣಯ್ಯ. ಗಾಳಿ."