ಒಂದು ಹೆಗಲಚೀಲ, ಎರಡು ಖಾಲಿ ಕೈ

ಬೆಳಗಾವಿಯಲ್ಲಿ ಕೊಲ್ಹಾಪುರದ ಬಸ್ಸು ಹತ್ತಿದಾಗ ನನ್ನ ಬಳಿ ಇದ್ದದ್ದು ಒಂದೇ ಹೆಗಲಚೀಲ. ಭುಜದ ನೋವು ವಾಸಿಯಾದ ಮೇಲೆ ಇದು ಮೊದಲ ಪ್ರವಾಸ. ಭಾರ ಹೊರಬೇಡಿ ಎಂದು ಡಾಕ್ಟರು ಹೇಳಿದ್ದರು. ಹಿಂದಿನ ದಿನವೇ ಕೂತು ಪಟ್ಟಿ ಬರೆದಿದ್ದೆ: ಎರಡು ಜೊತೆ ಬಟ್ಟೆ, ಔಷಧಿ, ಟವೆಲ್ಲು, ಚಾರ್ಜರು, ನೀರಿನ ಬಾಟಲಿ, ರೇನ್‌ಕೋಟು. ಕಾದಂಬರಿ, ಚಕ್ಕುಲಿ ಡಬ್ಬಿ, ಎರಡನೇ ಜೊತೆ ಚಪ್ಪಲಿ ಬರೆದಮೇಲೆ ಹೊಡೆದುಹಾಕಿದ್ದೆ.

ಕೊಲ್ಹಾಪುರದಲ್ಲಿ ಜಿಟಿಜಿಟಿ ಮಳೆ. ಅಂಬಾಬಾಯಿಯ ದರ್ಶನ ಮಾಡಿ, ಕಣ್ಣಲ್ಲಿ ನೀರು ಬರುವಷ್ಟು ಖಾರದ ಮಿಸಳ ತಿಂದು, ಸಂಜೆಗೆ ಇಚಲಕರಂಜಿ ಸೇರಿದೆ. ಅಲ್ಲಿ ಗೆಳತಿ ರತ್ನಾಳ ಮನೆ. ಗಂಡ ಹೆಂಡತಿ ಇಬ್ಬರೂ ಮಗ್ಗದ ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಮರುದಿನ ಹೊರಡುವಾಗ ಅವಳು ಎರಡು ಚಾದರ ತಂದು ಮುಂದಿಟ್ಟಳು.

“ಪಟ್ಟಿಯೊಳಗ ಇಲ್ಲಲೇ,” ಎಂದೆ.

“ನಿನ್ನ ಪಟ್ಟಿಗೆ ಬೆಂಕಿ ಹಚ್ಚ!” ಎಂದು ಮುನಿಸಿಕೊಂಡಳು. ದೀಪಾವಳಿಗೆ ಬಂದು ಒಯ್ಯುತ್ತೇನೆಂದು ಮಾತು ಕೊಟ್ಟಮೇಲೆಯೇ ಬಿಟ್ಟಳು.

ಗಡಹಿಂಗ್ಲಜದಲ್ಲಿ ಚಿಕ್ಕಮ್ಮನ ಮಗನ ಮನೆಗೆ ಹೋಗಬೇಕಿತ್ತು. ಮಹಾರಾಷ್ಟ್ರದ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೀಟು, ಹಾಗಾಗಿ ಬಸ್ಸು ತುಂಬಿತ್ತು. ನನ್ನ ಪಕ್ಕ ಕೂತಿದ್ದವಳು ಸತ್ಯವ್ವ. ತೊಡೆಯ ಮೇಲೆ ಅವಳಿ ಹೆಣ್ಣು ಕೂಸುಗಳು, ಕಾಲ ಬಳಿ ಎರಡು ಚೀಲ. ಗಂಡನಿಗೆ ಮಗ್ಗದ ಪಾಳಿ ಬಿಡಿಸಿಕೊಳ್ಳಲು ಆಗಲಿಲ್ಲವಂತೆ.

“ನಮ್ಮವ್ವ ಕಾಲು ಮುರಕೊಂಡ ಮಲಗ್ಯಾಳ್ರಿ. ಹಡದಾಗಿಂದ ಇವನ್ನ ನೋಡೇ ಇಲ್ಲ. ದಿನಾ ಫೋನಿನ್ಯಾಗ ಅಳತಾಳ,” ಎಂದಳು.

ಸಂಕೇಶ್ವರ ದಾಟಿದ ಮೇಲೆ ಬಸ್ಸು ನಿಂತಿತು. ದೊಡ್ಡ ಹುಣಸೆಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. “ಗಾಡಿ ಪುಢಂ ಜಾತ ನಾಹೀ,” ಬಸ್ಸು ಮುಂದೆ ಹೋಗುವುದಿಲ್ಲ ಎಂದು ಕೂಗಿದ ಕಂಡಕ್ಟರು, ಹೊಲದಲ್ಲಿ ಸುತ್ತುಹಾಕಿ ಆಚೆ ನಿಂತ ಬಸ್ಸು ಹತ್ತಲು ಹೇಳಿದರು. ಮಳೆ ಜೋರಾಗಿತ್ತು. ಕಾಲಿಟ್ಟಲ್ಲಿ ಕೆಸರು. ಎಲ್ಲರ ಕೈಯಲ್ಲೂ ಗಂಟು, ಡಬ್ಬ, ಚೀಲ. ಸತ್ಯವ್ವ ಬಾಗಿಲಲ್ಲೇ ನಿಂತುಬಿಟ್ಟಳು.

“ಅಕ್ಕಾರ, ನಿಮ್ಮ ಕೈ ಖಾಲಿ ಅದಾವ... ಒಂದನ್ನ ಹಿಡೀತೀರೇನ್ರಿ?”

ಕೂಸನ್ನು ಎದೆಗವಚಿಕೊಂಡು ಮೇಲೆ ರೇನ್‌ಕೋಟಿನ ಗುಂಡಿ ಹಾಕಿದೆ. ಹೊಲದಲ್ಲಿ ಕುರಿ ಕಾಯುತ್ತಿದ್ದ ಮುದುಕರೊಬ್ಬರು ತಮ್ಮ ಕಂಬಳಿ ಬಿಚ್ಚಿ ಸತ್ಯವ್ವನಿಗೂ ಇನ್ನೊಂದು ಕೂಸಿಗೂ ಹೊದಿಸಿದರು. ಚೀಲಗಳನ್ನು ಕಂಡಕ್ಟರು ಹೊತ್ತರು. ಒಂದು ಕಡೆ ನನ್ನ ಕಾಲು ಜಾರಿತು. ಮುದುಕರು ರಟ್ಟೆ ಹಿಡಿದರು. ರೇನ್‌ಕೋಟಿನೊಳಗೆ ಇಣುಕಿದರೆ ಕೂಸು ನಿದ್ದೆಯಲ್ಲಿತ್ತು.

ಗಡಹಿಂಗ್ಲಜದಲ್ಲಿ ಇಳಿದಾಗಲೂ ಅದು ಎದ್ದಿರಲಿಲ್ಲ. ಎಬ್ಬಿಸಲು ಮನಸ್ಸಾಗದೆ ಆಟೋದಲ್ಲಿ ಸತ್ಯವ್ವನ ತವರುಮನೆಯವರೆಗೂ ಹೋದೆ. ಪ್ಲಾಸ್ಟರಿನ ಕಾಲು ಚಾಚಿ ಹೊರಸಿನ ಮೇಲೆ ಕೂತಿದ್ದ ತಾಯಿ, ರೇನ್‌ಕೋಟು ತೊಟ್ಟ ನನ್ನನ್ನು ಮಬ್ಬಿನಲ್ಲಿ ನೋಡಿ ಸೆರಗು ಸರಿಮಾಡಿಕೊಂಡರು.

“ಬರ್ರಿ ಬೀಗತಿ, ಈ ಮಳ್ಯಾಗ ನೀವೂ ಬಂದ್ರ್ಯಾ?”

“ಯವ್ವಾ, ಇವರು ನಮ್ಮತ್ತಿ ಅಲ್ಲ, ಬಸ್ಸಿನ್ಯಾಗ ಸಿಕ್ಕವ್ರು!” ಸತ್ಯವ್ವ ಬಿದ್ದು ಬಿದ್ದು ನಕ್ಕಳು. ತಾಯಿ ನಗಲಿಲ್ಲ. ಕೂಸುಗಳನ್ನು ಎರಡೂ ಮಗ್ಗುಲಿಗೆ ಮಲಗಿಸಿಕೊಂಡು ಒಂದರ ಮುಖ ನೋಡಿದರು, ಇನ್ನೊಂದರ ಮುಖ ನೋಡಿದರು.

ಚಹಾ ಕುಡಿಯುವಷ್ಟರಲ್ಲಿ, ಫೋನು ಮಾಡಿ ಕರೆದಿದ್ದ ಚಿಕ್ಕಮ್ಮನ ಮಗ ಸ್ಕೂಟರ್ ತಂದ. ಹೊರಡುವಾಗ ತಿರುಗಿ ನೋಡಿದೆ. ನಾನು ಹೊತ್ತು ತಂದದ್ದು ಯಾವುದೆಂದು ಗುರುತೇ ಸಿಗಲಿಲ್ಲ. ಸತ್ಯವ್ವನಿಗೆ ಅದು ತಿಳಿದಿರಬೇಕು. ಒಂದು ಕೂಸನ್ನೆತ್ತಿ ಬಾಗಿಲಿಗೆ ಬಂದು, ಅದರ ಪುಟ್ಟ ಕೈ ಹಿಡಿದು ಆಡಿಸಿದಳು.

“ಅಕ್ಕಾರ, ನಿಮ್ದು ಇದರೀ!”