ಬೈರಣ್ಣನ ಟ್ಯಾಕ್ಸಿ, ಬಾಣಂತಿಯ ಸಾಕ್ಷಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಯನಗರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬೈರಣ್ಣ ಹ್ಯಾಂಡಲ್ ಹಾಕಿ ಹಳೆಯ ಕಾರಿನ ಎಂಜಿನ್ ತಿರುಗಿಸುತ್ತಿದ್ದಾರೆ. ಅದು ಕೆಮ್ಮಿ ಸುಮ್ಮನಾಗುತ್ತದೆ. "ಇದಕ್ಕೂ ಚಳಿ ಸಾರ್" ಎಂದು ನಕ್ಕು ಮತ್ತೆ ಬಗ್ಗುತ್ತಾರೆ. ಈ ಬಡಾವಣೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೆ ಜನ ಮೊದಲು ಹುಡುಕುವುದು ಇವರನ್ನೇ.

ಇಲ್ಲೇ ಒಂದು ಕಾಲಕ್ಕೆ ಅವರ ರಾಗಿ ಹೊಲವಿತ್ತು. ಹೊಲ ಬಡಾವಣೆಗೆ ಹೋಯಿತು. ಬಂದ ಪರಿಹಾರದಲ್ಲಿ ಟ್ಯಾಕ್ಸಿ ಕೊಂಡರು. ಹೋದ ವರ್ಷ ಅದೂ ಹೋಯಿತು. ಗಂಡ ಊರಲ್ಲಿಲ್ಲದ ಸರಸ್ವತಿ ಎಂಬ ಗರ್ಭಿಣಿಯನ್ನು ಆಸ್ಪತ್ರೆಯೊಳಕ್ಕೆ ಎತ್ತಿಕೊಂಡು ಹೋಗಿ ಬರುವಷ್ಟರಲ್ಲಿ ಕಾರು ಮಾಯ. ಅವಸರದಲ್ಲಿ ಕೀಲಿ ಅದರಲ್ಲೇ ಬಿಟ್ಟಿದ್ದರು.

"ವಿಮೆಯವ್ರು ಕೇಳಿದ್ರೆ ಕೀಲಿ ಜೇಬಲ್ಲೇ ಇತ್ತು ಅಂದ್ಬಿಡು" ಎಂದು ಸ್ಟ್ಯಾಂಡಿನವರು ಹೇಳಿಕೊಟ್ಟರು. ಬೈರಣ್ಣ ಇದ್ದದ್ದನ್ನೇ ಹೇಳಿದರು. ವಿಮಾ ಕಂಪನಿಯಿಂದ ತನಿಖೆಗೆ ಬಂದ ಬದರಿನಾಥ ನಂಬಲಿಲ್ಲ. "ಕೀಲಿ ಬಿಟ್ಟು ಯಾರಾದ್ರೂ ಹೋಗ್ತಾರೇನ್ರೀ? ಕಾರು ಯಾರಿಗೆ ಮಾರಿದ್ರಿ?" ಎಂದರು. ನೆರೆಹೊರೆಯಲ್ಲೂ ವಿಚಾರಿಸಿದರು. ಕರೆದು ಕಾಫಿ ಕೊಡುತ್ತಿದ್ದವರು ಮುಖ ತಿರುಗಿಸಿಕೊಂಡು ಹೋಗತೊಡಗಿದರು.

ಆ ಹೆಂಗಸಿನ ವಿಳಾಸ ಕೇಳಿದಾಗ ಮಾತ್ರ ಬೈರಣ್ಣ ಕೊಡಲಿಲ್ಲ. "ಹಸಿ ಬಾಣಂತಿ ಸಾರ್. ಕಳ್ಳತನದ ವಿಚಾರಣೆ ಅಂತ ಆ ಮನೆ ಬಾಗಿಲು ತಟ್ಟಬೇಡಿ. ಬಾಣಂತನ ಮುಗೀಲಿ, ನಾನೇ ಕರ್ಕೊಂಡು ಹೋಗ್ತೀನಿ."

ಅನುಮಾನ ಇನ್ನಷ್ಟು ಬಲಿಯಿತು. ಬೈರಣ್ಣ ಬೇರೆಯವರ ಟ್ಯಾಕ್ಸಿ ಓಡಿಸುತ್ತ ದಿನ ದೂಡಿದರು. ಹೆಂಡತಿ ನಾರಾಯಣಮ್ಮನಿಗೆ ತಡೆಯಲಾಗಲಿಲ್ಲ. "ಬೀದಿಯೆಲ್ಲ ನಮ್ಮನ್ನ ಕಳ್ಳರು ಅಂತಿದೆ" ಎಂದು ಅತ್ತವರು, ಮರುದಿನ ಗಂಡನಿಗೆ ಹೇಳದೆ ಸರಸ್ವತಿಯ ಮನೆ ಹುಡುಕಿಕೊಂಡು ಹೋದರು.

ತಾಯಿ ಬೇಡವೆಂದರೂ ಸರಸ್ವತಿ ಕೇಳಲಿಲ್ಲ. ಕಿವಿಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಕಂಪನಿಯ ಆಫೀಸಿಗೇ ಬಂದರು. "ಕೀಲಿ ತೆಗೀತಾ ನಿಂತಿದ್ರೆ ನನ್ನ ಮಗು ಕಾರಲ್ಲೇ ಹುಟ್ಟಿರೋದು" ಎಂದರು. ಬದರಿನಾಥ ಎದ್ದು ತಮ್ಮ ಕುರ್ಚಿ ಕೊಟ್ಟರು. ಮೋಸವೇನೂ ನಡೆದಿಲ್ಲವೆಂದು ಅಂದೇ ಬರೆದರು.

ಕೀಲಿ ಬಿಟ್ಟಿದ್ದಕ್ಕೆ ಕಂಪನಿ ವಿಮೆಯ ಹಣದಲ್ಲಿ ಒಂದಷ್ಟು ಮುರಿದುಕೊಂಡಿತು. ಉಳಿದದ್ದಕ್ಕೆ ಬಂದದ್ದು ಈ ಹಳೇ ಕಾರು. "ಅದು ನನ್ನ ತಪ್ಪೇ, ಒಪ್ಕೋತೀನಿ" ಎನ್ನುತ್ತಾರೆ ಬೈರಣ್ಣ. "ನಮ್ಮನೆಯವಳು ಆ ಬಾಣಂತಿ ಹತ್ರ ಹೋಗಿದ್ಳು ಅಂತ ಆಮೇಲೆ ಗೊತ್ತಾಯ್ತು. ಬೈಯೋಕೆ ಬಾಯೇ ಬರಲಿಲ್ಲ."

ಇನ್ನೇನು ಬೇಕು ಎಂದು ಕೇಳಿದರೆ ಹ್ಯಾಂಡಲ್ ಕೆಳಗಿಟ್ಟು ಹೇಳುತ್ತಾರೆ.

"ಸ್ಟ್ಯಾಂಡಿಗೊಂದು ಫೋನ್ ಬಂದ್ರೆ ಸಾಕು ಸಾರ್. ಹೆಣ್ಮಗಳು ನೋವು ತಿಂತಿರೋವಾಗ ಮನೆಯವರು ಅವಳನ್ನ ಬಿಟ್ಟು ಇಷ್ಟು ದೂರ ಓಡಿಬರೋದು ತಪ್ಪುತ್ತೆ."